ಬೆಣೆಲಿಪಿಯ ಗುರುತು ಹಾಕಿದರೆ ಅದರ ಮುಂದಿನ ಕನ್ನಡವೂ ಮಾಯವಾಗುತ್ತಿದೆ, ಯಾಕೆ?

ಹಲಗೆಓದು:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಸಂಜೆ ಹೊತ್ತು ಪ್ರಾಚೀನ ಇರಾಕಿನ ಸುಮೇರಿಯನ್ ಭಾಷೆ ಕಲಿಯುತ್ತಿದ್ದೇನೆ. ಅದರ ಲಿಪಿ ಬೆಣೆಲಿಪಿ, ಜೇಡಿಮಣ್ಣಿನಲ್ಲಿ ಬೆಣೆಯಾಕಾರದ ಗುರುತು ಒತ್ತಿ ಬರೆಯುವಂಥದ್ದು. ಹೇಳಿಕೊಡುವವರು ಯಾರೂ ಇಲ್ಲ. ವ್ಯಾಕರಣದ ಪುಸ್ತಕ ಮತ್ತು ಮಣ್ಣಿನ ಹಲಗೆಗಳ ಫೋಟೋಗಳನ್ನೇ ನಂಬಿಕೊಂಡಿದ್ದೇನೆ. ಕಲಿತ ಗುರುತುಗಳನ್ನೆಲ್ಲ ಗೆರೆ ಹಾಕಿದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಎಡಕ್ಕೆ ಗುರುತು, ನಡುವೆ ಅದರ ಓದು, ಬಲಕ್ಕೆ ಕನ್ನಡದಲ್ಲಿ ಅರ್ಥ. ಈಗ 340 ಗುರುತು ಆಗಿವೆ. ಪುಟಗಳು ಹರಿಯಲು ಶುರುವಾಗಿದ್ದವು. ಅದಕ್ಕೇ ಎಲ್ಲವನ್ನೂ ಒಂದು ಸಣ್ಣ ವೆಬ್ ಪುಟಕ್ಕೆ ಹಾಕೋಣ ಎಂದುಕೊಂಡೆ. ಒಂದು ಡೇಟಾಬೇಸ್, ಒಂದು ಫಾರ್ಮ್, ಒಂದು ಪಟ್ಟಿ, ಅಷ್ಟೆ.

ಮೂರು ವಾರ ಕೂತು 212 ಸಾಲು ಟೈಪ್ ಮಾಡಿದೆ. ಪ್ರತಿ ಸಲ 'ಉಳಿಸಲಾಗಿದೆ' ಎಂದೇ ಬಂತು. ಪಟ್ಟಿಯಲ್ಲಿ ಓದು ಮಾತ್ರ ಕಾಣುವಂತೆ ಮಾಡಿದ್ದೆ. ಹಾಗಾಗಿ ತಕ್ಷಣ ಏನೂ ಗೊತ್ತಾಗಲಿಲ್ಲ. ನಿನ್ನೆ ಒಂದು ಸಾಲು ತೆರೆದು ನೋಡಿದರೆ ವಿವರದ ಜಾಗ ಖಾಲಿ. ಮುಂದಿನದೂ ಖಾಲಿ. ಕೈಕಾಲು ತಣ್ಣಗಾಯಿತು.

ಸುಮಾರು ಹೊತ್ತು ನೋಡಿದ ಮೇಲೆ ಒಂದು ವಿಷಯ ಹೊಳೆಯಿತು. ವಿವರದ ಮೊದಲಲ್ಲೇ ಗುರುತು ಹಾಕಿದ್ದ ಸಾಲುಗಳು ಪೂರ್ತಿ ಖಾಲಿ. ನಡುವೆ ಹಾಕಿದ್ದರೆ, ಗುರುತಿನ ಹಿಂದಿನ ಕನ್ನಡ ಇದೆ, ಗುರುತು ಮತ್ತು ಅದರ ಮುಂದಿನದೆಲ್ಲ ಹೋಗಿದೆ. ಉದಾಹರಣೆಗೆ ಒಂದು ಸಾಲು 'ಇದಕ್ಕೂ ಬಾಯಿ ಎಂಬ ಗುರುತಿಗೂ ಸಂಬಂಧವಿದೆ, ನೋಡಿ:' ಎಂಬಲ್ಲಿಗೆ ನಿಂತುಬಿಟ್ಟಿದೆ. ಗುರುತೇ ಇಲ್ಲದ, ಬರೀ ಕನ್ನಡ ಇರುವ ಸಾಲುಗಳಿಗೆ ಏನೂ ಆಗಿಲ್ಲ.

ಕನ್ನಡವೂ ಯೂನಿಕೋಡ್, ಬೆಣೆಲಿಪಿಯೂ ಯೂನಿಕೋಡ್. ಹಾಗಿದ್ದರೆ ಒಂದು ಉಳಿದು ಇನ್ನೊಂದು ಹೋಗುವುದು ಯಾಕೆ? ಹೋದದ್ದು ಸಿಗುತ್ತದೆಯೇ?

ಗುರುತುಗಳನ್ನು ಇಲ್ಲಿ ಅಂಟಿಸುತ್ತಿಲ್ಲ. ಎಷ್ಟೋ ಫೋನುಗಳಲ್ಲಿ ಬರೀ ಡಬ್ಬಿ ಕಾಣುತ್ತದೆ. ಬೇಕಾದಲ್ಲಿ ಹೆಸರು, ಸಂಖ್ಯೆ ಹೇಳುತ್ತೇನೆ.

ಬೈಟ್‌ಲೆಕ್ಕ:

ಮೊದಲು ಒಂದು ಪರೀಕ್ಷೆ ಮಾಡಿ. ಅದೇ ಫಾರ್ಮಿನಲ್ಲಿ ಎರಡು ಕನ್ನಡ ಪದಗಳ ನಡುವೆ ಒಂದು ನಗುಮುಖದ ಎಮೋಜಿ ಹಾಕಿ ಉಳಿಸಿ. ಎರಡನೆಯ ಪದ ಹೋದರೆ ಕಾರಣ ಸಿಕ್ಕಿತು ಎಂದೇ ತಿಳಿಯಿರಿ.

ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಕನ್ನಡದ ಸಂಖ್ಯೆಗಳೆಲ್ಲ 65,536ರ ಒಳಗೆ ಬರುತ್ತವೆ. ಈ ಮೊದಲ ಭಾಗವನ್ನು ಮೂಲ ತಲ ಎನ್ನೋಣ. ಬೆಣೆಲಿಪಿ ಶುರುವಾಗುವುದು ಹದಿನಾರರ ಲೆಕ್ಕದಲ್ಲಿ 12000ದಿಂದ. ನಮ್ಮ ಲೆಕ್ಕದಲ್ಲಿ ಅದು 73,728. ಅಂದರೆ ಮೂಲ ತಲದ ಆಚೆ. ಈ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಒಂದು ರೀತಿ ಯುಟಿಎಫ್-8. ಅದರಲ್ಲಿ ಉಳಿಸುವಾಗ ಒಂದು ಕನ್ನಡ ಅಕ್ಷರಕ್ಕೆ 3 ಬೈಟು ಸಾಕು. ಬೆಣೆಲಿಪಿಯ ಒಂದು ಗುರುತಿಗೆ 4 ಬೈಟು ಬೇಕು. ಎಮೋಜಿಗಳಲ್ಲೂ ಹೆಚ್ಚಿನವು 4 ಬೈಟಿನವೇ.

ನೀವು ಬಳಸುತ್ತಿರುವುದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಇರಬೇಕು. ಅದರಲ್ಲಿ 'ಯುಟಿಎಫ್8' ಎಂಬ ಹಳೆಯ ಆಯ್ಕೆ ಒಂದು ಅಕ್ಷರಕ್ಕೆ 3 ಬೈಟಿನವರೆಗೆ ಮಾತ್ರ ಜಾಗ ಕೊಡುತ್ತದೆ. 4 ಬೈಟೂ ಹಿಡಿಸುವ ಆಯ್ಕೆಯ ಹೆಸರು 'ಯುಟಿಎಫ್8ಎಂಬಿ4'. ಅದು 2010ರಲ್ಲಿ, 5.5.3 ಆವೃತ್ತಿಯಲ್ಲಿ ಬಂತು. ಟೇಬಲ್ ಮಾಡುವಾಗ ಮೊದಲನೆಯದನ್ನು ಆರಿಸಿದ್ದು, ಹಿಡಿಸದ್ದನ್ನು ಒಳಗೇ ಬಿಡದ ಸ್ಟ್ರಿಕ್ಟ್ ಮೋಡ್ ಆನ್ ಆಗಿಲ್ಲದಿದ್ದರೆ, 4 ಬೈಟಿನ ಅಕ್ಷರ ಬಂದ ಜಾಗದಲ್ಲೇ ಪಠ್ಯ ಕತ್ತರಿಸಿ ಹೋಗುತ್ತದೆ. ಎಚ್ಚರಿಕೆ ಒಂದು ಬರುತ್ತದೆ. ಆದರೆ ನಿಮ್ಮ ಪುಟ ಅದನ್ನು ತೋರಿಸುವುದಿಲ್ಲ. ಸ್ಟ್ರಿಕ್ಟ್ ಮೋಡ್ ಇದ್ದಿದ್ದರೆ ಉಳಿಸುವುದೇ ಆಗುತ್ತಿರಲಿಲ್ಲ, ಮೊದಲ ಸಾಲಿಗೇ ನಿಮಗೆ ಗೊತ್ತಾಗುತ್ತಿತ್ತು.

ಸರಿ ಮಾಡುವುದು ಹೀಗೆ. ಮೊದಲು ಇರುವುದರ ಬ್ಯಾಕಪ್ ತೆಗೆಯಿರಿ. ಆಮೇಲೆ ಟೇಬಲನ್ನು ಯುಟಿಎಫ್8ಎಂಬಿ4ಗೆ ಬದಲಿಸಿ. ಇಲ್ಲಿಗೆ ಮುಗಿಯಿತು ಎಂದುಕೊಂಡು ಬಹಳ ಜನ ಎದ್ದು ಹೋಗುತ್ತಾರೆ. ನಿಮ್ಮ ಪುಟ ಡೇಟಾಬೇಸಿನ ಜೊತೆ ಮಾತಾಡುವ ಸಂಪರ್ಕಕ್ಕೂ ಇದೇ ಆಯ್ಕೆ ಹೇಳಬೇಕು. ಇಲ್ಲದಿದ್ದರೆ ಗುರುತಿನ ಜಾಗದಲ್ಲಿ ಪ್ರಶ್ನೆಗುರುತು ಕೂರುತ್ತದೆ. 255 ಅಕ್ಷರದ ಕಾಲಮ್ಮಿಗೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಹಾಕಿದ್ದರೆ ಹಳೆಯ ಆವೃತ್ತಿಗಳಲ್ಲಿ ಇನ್ನೊಂದು ತಕರಾರು ಬರಬಹುದು. ಅಲ್ಲಿ ಇಂಡೆಕ್ಸಿಗೆ ಇರುವ ಮಿತಿ 767 ಬೈಟು. 255ನ್ನು ಮೂರರಿಂದ ಗುಣಿಸಿದರೆ 765, ಹಿಡಿಸುತ್ತದೆ. ನಾಲ್ಕರಿಂದ ಗುಣಿಸಿದರೆ 1,020, ಹಿಡಿಸುವುದಿಲ್ಲ. ಕಾಲಮ್ಮನ್ನು 191 ಅಕ್ಷರಕ್ಕೆ ಇಳಿಸಿದರೆ ಸರಿಹೋಗುತ್ತದೆ.

ಕತ್ತರಿಸಿ ಹೋದದ್ದು ಡೇಟಾಬೇಸಿನಲ್ಲಿ ಸಿಗುವುದಿಲ್ಲ. ಅದು ಒಳಗೆ ಹೋಗಲೇ ಇಲ್ಲ. ನೋಟ್‌ಬುಕ್ ಇದೆಯಲ್ಲ, ಅದೇ ಪುಣ್ಯ. ಜೋಪಾನವಾಗಿ ಇಟ್ಟುಕೊಳ್ಳಿ.

ಮುಂದೆ ಬರಬಹುದಾದ ಒಂದು ತೊಂದರೆಯನ್ನೂ ಈಗಲೇ ಹೇಳಿಬಿಡುತ್ತೇನೆ. ಜಾವಾಸ್ಕ್ರಿಪ್ಟಿನಲ್ಲಿ ಬೆಣೆಲಿಪಿಯ ಒಂದು ಗುರುತಿನ ಉದ್ದ ಕೇಳಿದರೆ 2 ಎಂದು ಬರುತ್ತದೆ. ಅದು ಒಳಗೆ ಯುಟಿಎಫ್-16ರ ಲೆಕ್ಕ ಇಡುತ್ತದೆ. ಮೂಲ ತಲದ ಆಚೆಗಿನ ಪ್ರತಿ ಅಕ್ಷರವೂ ಅಲ್ಲಿ ಎರಡು ತುಂಡಿನ ಜೋಡಿ. 'ಮೊದಲ ಅಕ್ಷರ ಕೊಡು' ಎಂದು ಕೇಳಿದರೆ ಅರ್ಧ ಗುರುತು ಕೈಗೆ ಬರುತ್ತದೆ. ಮೊದಲು ಕೋಡ್ ಪಾಯಿಂಟುಗಳಾಗಿ, ಅಂದರೆ ಯೂನಿಕೋಡ್ ಸಂಖ್ಯೆಗಳಾಗಿ, ಬಿಡಿಸಿಕೊಂಡು ಆಮೇಲೆ ಎಣಿಸಿ.

ಹಲಗೆಓದು:

ಬೈಟ್‌ಲೆಕ್ಕ ಅವರೇ, ಎಮೋಜಿ ಹಾಕಿದೆ, ಎರಡನೆಯ ಪದ ಹೋಯಿತು. ನೀವು ಹೇಳಿದ್ದು ಅಕ್ಷರಶಃ ನಿಜ. ಟೇಬಲ್ ಬದಲಿಸಿದೆ. ಸಂಪರ್ಕದ ವಿಷಯ ಹೇಳದೇ ಇದ್ದಿದ್ದರೆ ನಾನೂ ಎದ್ದು ಹೋಗುತ್ತಿದ್ದೆ. ಈಗ ಗುರುತುಗಳು ಉಳಿಯುತ್ತಿವೆ. ಪುಟದಲ್ಲಿ ಅರ್ಧ ಗುರುತು ಬರುವ ತೊಂದರೆಯೂ ನೀವು ಹೇಳಿದ ಹಾಗೇ ಬಂತು, ಅದೂ ಸರಿಹೋಯಿತು. ತುಂಬಾ ಧನ್ಯವಾದ.

ನೋಟ್‌ಬುಕ್ ತೆರೆದು ಮತ್ತೆ ಮೊದಲಿನಿಂದ ಶುರು ಮಾಡಿದ್ದೇನೆ. ಈ ಸಲ ನಿಧಾನವಾಗಿ, ಪ್ರತಿ ಗುರುತಿನ ಯೂನಿಕೋಡ್ ಹೆಸರು ನೋಡಿಕೊಂಡು. ಹಾಗೆ ನೋಡುವಾಗ ಬೇರೆ ಪ್ರಶ್ನೆಗಳು ಎದ್ದಿವೆ.

ಒಂದು. ನವ ಅಸ್ಸೀರಿಯನ್ ಕಾಲದ (ಸುಮಾರು ಕ್ರಿ.ಪೂ. 9ರಿಂದ 7ನೇ ಶತಮಾನ) ಒಂದು ಪಠ್ಯ ಓದುವಾಗ ಕಲಿತ ಗುರುತು ನೋಟ್‌ಬುಕ್ಕಿನಲ್ಲಿ ಒಂದೇ ಚಿತ್ರವಾಗಿದೆ. ಪಕ್ಕದಲ್ಲಿ ಕು, ತುಗ್, ಶೆ ಎಂದು ಮೂರು ಓದು ಬರೆದಿದ್ದೇನೆ. ಯೂನಿಕೋಡಿನಲ್ಲಿ ನೋಡಿದರೆ ಈ ಒಂದು ಚಿತ್ರಕ್ಕೆ ಮೂರು ಕೋಡ್ ಪಾಯಿಂಟ್ ಇವೆ. ಯಾವುದನ್ನು ಹಾಕಲಿ?

ಎರಡು. ಕಾ ಎಂಬ ಗುರುತು ಇದಕ್ಕೆ ಉಲ್ಟಾ. ನೋಟ್‌ಬುಕ್ಕಿನಲ್ಲಿ ಅದಕ್ಕೆ ಆರು ಓದು ಇವೆ, ಯೂನಿಕೋಡಿನಲ್ಲಿ ಒಂದೇ ಕೋಡ್ ಪಾಯಿಂಟ್.

ಮೂರು. ಪುಟದಲ್ಲಿ ಕಾಣುವ ಆಕಾರಕ್ಕೂ ನನ್ನ ಕೈಬರಹಕ್ಕೂ ಅಲ್ಲಲ್ಲಿ ತಾಳೆಯೇ ಆಗುತ್ತಿಲ್ಲ. ನಾನು ತಪ್ಪು ಕಲಿತಿದ್ದೇನೆಯೇ?

ಜೊಂಡಿನಕಡ್ಡಿ:

ನೀವು ತಪ್ಪು ಕಲಿತಿಲ್ಲ. ಈ ಮೂರು ಪ್ರಶ್ನೆ ಎದ್ದಿವೆ ಎಂದರೆ ಸರಿಯಾಗಿಯೇ ಕಲಿಯುತ್ತಿದ್ದೀರಿ. ನಾನು ಏಳು ವರ್ಷದಿಂದ ಹಲಗೆಗಳ ಪಠ್ಯ ಟೈಪ್ ಮಾಡುತ್ತಿದ್ದೇನೆ. ಈ ಪ್ರಶ್ನೆಗಳು ನನಗೆ ಹೊಳೆಯಲು ಎರಡು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಇದು ನನಗೆ ಬಹಳ ಬೇಕಾದ ವಿಷಯ.

ಕಾ ಗುರುತಿನಿಂದ ಶುರು ಮಾಡೋಣ. ಅದರ ಸಂಖ್ಯೆ 12157 (ಗುರುತುಗಳ ಸಂಖ್ಯೆಗಳನ್ನೆಲ್ಲ ಹದಿನಾರರ ಲೆಕ್ಕದಲ್ಲೇ ಹೇಳುತ್ತೇನೆ). ಕಾ ಎಂದು ಓದಿದರೆ ಬಾಯಿ. ಇನಿಮ್ ಎಂದರೆ ಮಾತು. ದುಗ್ ಎಂದರೆ ಹೇಳು. ಝು ಎಂದರೆ ಹಲ್ಲು. ಗು ಎಂದರೆ ದನಿ. ಕಿರಿ ಎಂದರೆ ಮೂಗು. ನಿಮ್ಮ ಆರು ಓದು ಇವೇ ಇರಬೇಕು, ಅಲ್ವಾ? ಹಲಗೆ ಬರೆದವನು ಇವೆಲ್ಲಕ್ಕೂ ಜೇಡಿಮಣ್ಣಿನಲ್ಲಿ ಒತ್ತಿದ್ದು ಒಂದೇ ಗುರುತು. ಯೂನಿಕೋಡ್ ಆ ಗುರುತಿಗೆ ಸಂಖ್ಯೆ ಕೊಟ್ಟಿದೆ. ನಾವು ಅದನ್ನು ಹೇಗೆ ಓದುತ್ತೇವೆ ಎಂಬುದಕ್ಕೆ ಕೊಟ್ಟಿಲ್ಲ. ಅನ್ ಎಂಬ ಗುರುತೂ ಹಾಗೇ. ಆಕಾಶ ಎಂದಾದರೆ ಅನ್, ದೇವರು ಎಂದಾದರೆ ದಿಂಗಿರ್. ದೇವರ ಹೆಸರಿನ ಮುಂದೆ ಬಾಯಲ್ಲಿ ಹೇಳದೇ ಬರೀ ಸೂಚನೆಗೆ ಬರುವುದೂ ಅದೇ. ಸಂಖ್ಯೆ ಮಾತ್ರ ಒಂದು.

ನನಗೆ ಬಹಳ ಇಷ್ಟವಾದ ಉದಾಹರಣೆ ಎನ್‌ಲಿಲ್ ದೇವರ ಹೆಸರು. ಅದನ್ನು ಅನ್, ಎನ್, ಕಿಡ್ ಎಂಬ ಮೂರು ಗುರುತುಗಳಲ್ಲಿ ಬರೆಯುತ್ತಾರೆ. ಮೊದಲಿಗೆ ಇರುವ ಅನ್ ತೆಗೆದು, ಕೊನೆಗೆ ಜಾಗವನ್ನು ಸೂಚಿಸುವ ಕಿ ಹಾಕಿ. ಎನ್, ಕಿಡ್, ಕಿ. ಈಗ ಅದು ಅವನ ಊರಾದ ನಿಪ್ಪುರ್, ಸುಮೇರಿಯನ್ ಓದಿನಲ್ಲಿ ನಿಬ್ರು. ಎನ್, ಕಿಡ್ ಎಂಬ ಎರಡು ಗುರುತು ಅವೇ. ಓದು ಪೂರ್ತಿ ಬೇರೆ. ಬರೀ ಗುರುತುಗಳ ಸಾಲನ್ನು ಕಂಪ್ಯೂಟರಿಗೆ ಕೊಟ್ಟರೆ ಅದಕ್ಕೆ ಈ ಎರಡು ಗುರುತು ಕಾಣುತ್ತವೆ. ಒಂದು ಕಡೆ ಎನ್‌ಲಿಲ್, ಇನ್ನೊಂದು ಕಡೆ ನಿಬ್ರು ಎಂಬುದು ಅದಕ್ಕೆ ತಿಳಿಯುವುದಿಲ್ಲ. ಅದನ್ನು ನಾವೇ ಹೇಳಬೇಕು.

ಈಗ ಕು ಮತ್ತು ತುಗ್. ಹಳೆಯ ಕಾಲದಲ್ಲಿ ಇವು ನೋಡಲಿಕ್ಕೂ ಬೇರೆ ಬೇರೆ ಗುರುತುಗಳೇ. ತುಗ್ ಎಂದರೆ ಬಟ್ಟೆ. ಬಟ್ಟೆಯ ಹೆಸರುಗಳ ಮುಂದೆ ಸೂಚನೆಯಾಗಿಯೂ ಅದು ಬರುತ್ತದೆ. ಶೆ ಎಂದು ನೀವು ಬರೆದಿರುವುದಕ್ಕೆ ಯೂನಿಕೋಡಿನ ಹೆಸರು ಎಶ್2. ಶತಮಾನಗಳು ಉರುಳಿದ ಹಾಗೆ ಬರೆಯುವವರು ಗೆರೆಗಳನ್ನು ಸರಳ ಮಾಡಿಕೊಂಡರು. ನವ ಅಸ್ಸೀರಿಯನ್ ಕಾಲಕ್ಕೆ ಬರುವಷ್ಟರಲ್ಲಿ ಮೂರೂ ಒಂದೇ ಆಕಾರಕ್ಕೆ ಬಂದು ನಿಂತವು. ಯೂನಿಕೋಡ್ ಪಟ್ಟಿ ಮಾಡಿದವರ ಮುಂದೆ ಎರಡು ದಾರಿ ಇದ್ದವು. ಕೊನೆಯ ಆಕಾರ ನೋಡಿ ಮೂರಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಹಳೆಯ ಪಠ್ಯಗಳಲ್ಲಿರುವ ವ್ಯತ್ಯಾಸ ಅಳಿಸಿಹೋಗುತ್ತದೆ. ಮೂರು ಸಂಖ್ಯೆ ಕೊಟ್ಟರೆ ಹೊಸ ಪಠ್ಯ ಟೈಪ್ ಮಾಡುವವರು ಪ್ರತಿ ಸಲ ಯೋಚಿಸಬೇಕು. ಅವರು ಎರಡನೆಯದನ್ನು ಆರಿಸಿದರು. ಸುಮಾರು 3,000 ವರ್ಷ ಬಳಕೆಯಲ್ಲಿದ್ದ ಲಿಪಿಗೆ ಒಂದೇ ಪಟ್ಟಿ ಮಾಡಬೇಕಾದಾಗ ಅದೇ ಸರಿ ಎಂದು ನನಗೂ ಅನ್ನಿಸುತ್ತದೆ. ಕೂಡಿಸಿಬಿಟ್ಟದ್ದನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ.

ನಮಗೆ ಇದು ಹೊಸದೇನಲ್ಲ. ಕನ್ನಡ ಅಂಕಿಯ ಸೊನ್ನೆ ಮತ್ತು ಅನುಸ್ವಾರ ನೋಡಲು ಹೆಚ್ಚುಕಡಿಮೆ ಒಂದೇ ಥರ. ಕೋಡ್ ಪಾಯಿಂಟ್ ಬೇರೆ. 'ಕಂಬ' ಎಂದು ಬರೆಯುವಾಗ ನಡುವೆ ಸೊನ್ನೆ ಹಾಕಿದರೂ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಹುಡುಕಿದರೆ ಮಾತ್ರ ಸಿಗುವುದಿಲ್ಲ. ಅಲ್ಲಿ ಯಾವುದು ಸರಿ ಎಂದು ಯೋಚಿಸುವ ಅಗತ್ಯವೇ ಬೀಳುವುದಿಲ್ಲ, ಪದ ಗೊತ್ತಿರುತ್ತದೆ. ಬೆಣೆಲಿಪಿಯಲ್ಲಿ ಪದವನ್ನೇ ಮೊದಲು ಕಂಡುಹಿಡಿಯಬೇಕು. ಹಾಗಾಗಿ ನಿಮ್ಮ ನವ ಅಸ್ಸೀರಿಯನ್ ಪಠ್ಯದಲ್ಲಿ ಆ ಗುರುತು ಬಂದಾಗ, ಮುಂದೆ ಬಟ್ಟೆಯ ಹೆಸರಿದ್ದರೆ ತುಗ್ ಹಾಕಿ. ಕು ಎಂಬ ಉಚ್ಚಾರಕ್ಕೆ ಬಂದಿದ್ದರೆ ಕು ಹಾಕಿ. ಓದಿ ಅರ್ಥ ಮಾಡಿಕೊಳ್ಳದೆ ಇಲ್ಲಿ ಟೈಪ್ ಮಾಡಲಿಕ್ಕೇ ಆಗುವುದಿಲ್ಲ.

ಮೂರನೆಯ ಪ್ರಶ್ನೆ, ಆಕಾರದ್ದು. ಯೂನಿಕೋಡ್ ಕೋಷ್ಟಕದಲ್ಲಿ ಮಾದರಿಗೆ ಕೊಟ್ಟಿರುವ ಆಕಾರಗಳು ಹೆಚ್ಚಾಗಿ ಊರ್ ನಗರದ ಮೂರನೆಯ ರಾಜವಂಶದ ಕಾಲದವು, ಅಂದರೆ ಸುಮಾರು ಕ್ರಿ.ಪೂ. 21ನೇ ಶತಮಾನದವು. ನವ ಅಸ್ಸೀರಿಯನ್ ಪಠ್ಯಕ್ಕೂ ಅದಕ್ಕೂ ಸಾವಿರ ವರ್ಷಕ್ಕಿಂತ ಜಾಸ್ತಿ ಅಂತರ. ಹಳಗನ್ನಡದ ಶಾಸನವನ್ನೂ ಇವತ್ತಿನ ಅಚ್ಚಿನ ಕನ್ನಡವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಹಾಗೆ. ಅಕ್ಷರ ಅದೇ, ರೂಪ ಬೇರೆ. ರೂಪ ಕೊಡುವುದು ಫಾಂಟಿನ ಕೆಲಸ. ಹಳೆಯ ಬ್ಯಾಬಿಲೋನಿಯನ್ ರೂಪಕ್ಕೆ ಸಂತಕ್ಕು ಎಂಬ ಫಾಂಟ್ ಇದೆ. ನವ ಅಸ್ಸೀರಿಯನ್ ರೂಪಕ್ಕೆ ಅಸ್ಸುರ್‌ಬನಿಪಾಲ್ ಇದೆ. ಹಿಟ್ಟೈಟ್ ರೂಪಕ್ಕೆ ಉಲ್ಲಿಕುಮ್ಮಿ ಇದೆ. ನಿಮ್ಮ ಪ್ರತಿ ಸಾಲಿಗೂ 'ಕಾಲ' ಎಂಬ ಒಂದು ಕಾಲಮ್ ಸೇರಿಸಿ. ಅದನ್ನು ನೋಡಿ ಪುಟವೇ ಫಾಂಟ್ ಆರಿಸಿಕೊಳ್ಳುವ ಹಾಗೆ ಮಾಡಿ. ಆಗ ನಿಮ್ಮ ಕೈಬರಹಕ್ಕೂ ಪುಟಕ್ಕೂ ತಾಳೆ ಬೀಳುತ್ತದೆ.

ಕೊನೆಯದಾಗಿ ನಾನು ಮಾಡಿಕೊಂಡ ಒಂದು ನಷ್ಟ ಹೇಳುತ್ತೇನೆ, ನಿಮಗೆ ಆಗಬಾರದು. ಮೊದಲ ವರ್ಷ ಒಂದು ಹಳೆಯ ಬ್ಯಾಬಿಲೋನಿಯನ್ ಪಠ್ಯದ 90 ಸಾಲನ್ನು ಬರೀ ಗುರುತುಗಳಲ್ಲಿ ಟೈಪ್ ಮಾಡಿಟ್ಟೆ. ನೋಡಲು ಎಷ್ಟು ಚೆನ್ನಾಗಿತ್ತು ಅಂದರೆ ಲಿಪ್ಯಂತರ, ಅಂದರೆ ಓದನ್ನು ಬೇರೆ ಲಿಪಿಯಲ್ಲಿ ಬರೆದಿಡುವುದು, ಯಾಕೆ ಬೇಕು ಎಂದುಕೊಂಡೆ. ವರ್ಷ ಕಳೆದು ತೆರೆದರೆ 14ನೇ ಸಾಲಿನ ಕಾ ಗುರುತನ್ನು ಆಗ ಹೇಗೆ ಓದಿದ್ದೆ ಎಂದು ನೆನಪಾಗಲಿಲ್ಲ. ಮಾತು ಎಂದೋ, ಹೇಳು ಎಂದೋ? ಎಷ್ಟೋ ಸಂಜೆ ಕೂತು ಮಾಡಿದ್ದ ತೀರ್ಮಾನಗಳು ಕಡತದಲ್ಲಿ ಇರಲೇ ಇಲ್ಲ. ಮತ್ತೆ ಮೊದಲಿನಿಂದ ಓದಿದೆ. ಅವತ್ತಿನಿಂದ ಲಿಪ್ಯಂತರವೇ ನನ್ನ ಮೂಲ ಕಡತ. ಗುರುತುಗಳನ್ನು ಅದರಿಂದ ಪ್ರೋಗ್ರಾಮ್ ಮೂಲಕ ಹುಟ್ಟಿಸಿಕೊಳ್ಳುತ್ತೇನೆ. ಸಿಡಿಎಲ್‌ಐ ಮತ್ತು ಒರಾಕ್ ಎಂಬ, ಹಲಗೆಗಳ ಪಠ್ಯ ಸಂಗ್ರಹಿಸುವ ಯೋಜನೆಗಳಲ್ಲೂ ಪಠ್ಯಗಳನ್ನು ಲಿಪ್ಯಂತರದಲ್ಲೇ ಇಡುತ್ತಾರೆ. ಅದಕ್ಕೆ ಎಟಿಎಫ್ ಎಂಬ ಸರಳ ರೂಪವಿದೆ, ಸಾಮಾನ್ಯ ಕೀಬೋರ್ಡಿನಲ್ಲೇ ಟೈಪ್ ಮಾಡಬಹುದು. ಗು3 ಎಂದರೆ ದನಿ, ಗು7 ಎಂದರೆ ತಿನ್ನು ಎಂದು ಓದಿನ ಪಕ್ಕ ಅಂಕಿ ಹಾಕುತ್ತಾರೆ. ಆ ಅಂಕಿಯಿಂದ ಯಾವ ಗುರುತು ಎಂದು ಗೊತ್ತಾಗುತ್ತದೆ. ಹೀಗೆ ಲಿಪ್ಯಂತರದಿಂದ ಗುರುತಿಗೆ ಹೋಗಬಹುದು. ಗುರುತಿನಿಂದ ಲಿಪ್ಯಂತರಕ್ಕೆ ತಾನಾಗಿ ಬರಲು ಆಗುವುದಿಲ್ಲ. ನಿಮ್ಮ ನೋಟ್‌ಬುಕ್ಕಿನ ನಡುವಿನ ಕಾಲಮ್ ಇದೆಯಲ್ಲ, ಅದೇ ಮುಖ್ಯ.

ಒತ್ತಕ್ಷರ:

ಓದುತ್ತಾ ಒಂದು ಅನುಮಾನ ಬಂತು. ಗು7, ತಿನ್ನು ಎಂಬ ಗುರುತು ಅಂದರೆ ಬಾಯಿಯ ಒಳಗೆ ರೊಟ್ಟಿ, ಅಲ್ವಾ? ಕಾ ಗುರುತಿನ ಹೊಟ್ಟೆಯೊಳಗೆ ಗರ್ ಗುರುತು. ಕನ್ನಡದಲ್ಲಿ ಕ್ಷ ಬೇಕಾದರೆ ಅದಕ್ಕೆ ಬೇರೆ ಸಂಖ್ಯೆ ಇಲ್ಲ. ಕ, ವಿರಾಮ, ಷ ಎಂದು ಮೂರು ಕೋಡ್ ಪಾಯಿಂಟ್ ಹಾಕಿದರೆ ಫಾಂಟ್ ಕೂಡಿಸಿಕೊಡುತ್ತದೆ. ಬೆಣೆಲಿಪಿಯಲ್ಲೂ 'ಒಳಗೆ ಹಾಕು' ಎಂಬ ಒಂದು ಸಂಕೇತ ಇದ್ದಿದ್ದರೆ ಇಷ್ಟೊಂದು ಗುರುತುಗಳನ್ನು ಪಟ್ಟಿ ಮಾಡುವ ಕೆಲಸವೇ ಇರುತ್ತಿರಲಿಲ್ಲ. ಇನ್ನೂ ಮುಂದೆ ಹೋಗಿ, ನಿಂತ ಬೆಣೆ, ಮಲಗಿದ ಬೆಣೆ, ಓರೆ ಬೆಣೆ ಎಂದು ಬೆಣೆಗಳಿಗೇ ಸಂಖ್ಯೆ ಕೊಡಬಹುದಿತ್ತು.

ಜೊಂಡಿನಕಡ್ಡಿ:

ಒಳ್ಳೆಯ ಪ್ರಶ್ನೆ. ಕನ್ನಡ ಬಲ್ಲವರಿಗೆ ಇದು ಮೊದಲೇ ಹೊಳೆಯುತ್ತದೆ.

ಕನ್ನಡದ ಒತ್ತಿಗೆ ಒಂದು ನಿಯಮ ಇದೆ. ಯಾವ ವ್ಯಂಜನಕ್ಕೆ ಯಾವ ವ್ಯಂಜನ ಬಂದರೂ ಅದು ನಡೆಯುತ್ತದೆ. ಉಚ್ಚಾರವೂ ಅದೇ ಕ್ರಮದಲ್ಲಿ ಬರುತ್ತದೆ. ಕಾ ಒಳಗೆ ಗರ್ ಹಾಕಿದರೆ 'ಕಾಗರ್' ಆಗುವುದಿಲ್ಲ. ಗು ಆಗುತ್ತದೆ. ಕಾ ಒಳಗೆ ನೀರು, ಅಂದರೆ ಅ ಎಂಬ ಗುರುತು ಹಾಕಿದರೆ ನಗ್, ಕುಡಿ ಎಂದರ್ಥ. ಅರ್ಥ ಹೊಂದುತ್ತದೆ, ದನಿ ಹೊಂದುವುದಿಲ್ಲ. ಮೇಲಾಗಿ ಯಾವುದರೊಳಗೆ ಬೇಕಾದರೂ ಯಾವುದನ್ನು ಬೇಕಾದರೂ ಹಾಕುವ ರೂಢಿ ಇರಲಿಲ್ಲ. ಬಳಕೆಯಲ್ಲಿದ್ದದ್ದು ಗೊತ್ತಿರುವ ಇಷ್ಟು ಜೋಡಿಗಳು. ಅದಕ್ಕೇ ತಿನ್ನು ಗುರುತಿಗೆ 12165 ಎಂಬ ತನ್ನದೇ ಸಂಖ್ಯೆ ಇದೆ. ಹೆಸರು ಮಾತ್ರ 'ಕಾ ಟೈಮ್ಸ್ ಗರ್'. ಹೆಸರಿನಲ್ಲಿ ಎರಡು ಭಾಗ ಇದ್ದರೂ ಕಂಪ್ಯೂಟರಿಗೆ ಅದು ಒಡೆಯದ ಒಂದು ಗುರುತು. ಕಾ ಎಂದು ಹುಡುಕಿದರೆ ಇದು ಸಿಗುವುದಿಲ್ಲ. ಯೂನಿಕೋಡಿನಲ್ಲಿ ಇವುಗಳನ್ನು ಬಿಡಿಸುವ ನಂಟನ್ನೂ ಕೊಟ್ಟಿಲ್ಲ. ಬೇಕಾದರೆ ನಾವೇ ಬೇರೆ ಪಟ್ಟಿ ಇಟ್ಟುಕೊಳ್ಳಬೇಕು.

ಬೆಣೆಗಳಿಗೇ ಸಂಖ್ಯೆ ಕೊಡುವ ದಾರಿ ನನಗೆ ಹಿಡಿಸುವುದಿಲ್ಲ. ಒಂದೇ ಗುರುತನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಎಣಿಕೆಯ ಬೆಣೆಗಳಲ್ಲಿ ಬರೆದಿದ್ದಾರೆ. ಆಗ ಒಂದೇ ಪದಕ್ಕೆ ಪ್ರತಿ ಕಾಲದಲ್ಲೂ ಬೇರೆ ಸ್ಪೆಲ್ಲಿಂಗ್ ಬರುತ್ತದೆ. ಹುಡುಕುವುದು ಹೇಗೆ?

ಪಟ್ಟಿ ಆದದ್ದು ಹೀಗೆ. ಅದಕ್ಕೆ ಮುಂಚೆ ಬೆಣೆಲಿಪಿಗೂ ನಮ್ಮ ಹಳೆಯ ಕನ್ನಡ ಫಾಂಟುಗಳ ಸ್ಥಿತಿಯೇ ಇತ್ತು. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಗುರುತಿನ ಚಿತ್ರ ಕೂರಿಸುತ್ತಿದ್ದರು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಗೋಜಲು. 2000ದ ಹೊತ್ತಿಗೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಬೆಣೆಲಿಪಿ ತಿಳಿದವರೂ ಯೂನಿಕೋಡ್ ತಿಳಿದವರೂ ಕೂತು ಮಾತಾಡಿದರು. 2004ರಲ್ಲಿ ಮೈಕೆಲ್ ಎವರ್ಸನ್, ಕಾರ್ಲ್‌ಯುರ್ಗೆನ್ ಫೋಯರ್‌ಹೆರ್ಮ್, ಸ್ಟೀವ್ ಟಿನ್ನಿ ಸೇರಿ ಕೊನೆಯ ಪ್ರಸ್ತಾವ ಕೊಟ್ಟರು. 2006ರ ಯೂನಿಕೋಡ್ 5.0ರಲ್ಲಿ 982 ಗುರುತುಗಳು ಬಂದವು. ಅದರಲ್ಲಿ 103 ಅಂಕಿ ಮತ್ತು ವಿರಾಮದ ಗುರುತುಗಳು, ಅವಕ್ಕೆ ಮುಖ್ಯ ವಿಭಾಗದಿಂದ ಬೇರೆಯೇ ವಿಭಾಗ. ಆಮೇಲೆ 2014ರಲ್ಲಿ ಇನ್ನಷ್ಟು ಸೇರಿದವು. 2015ರಲ್ಲಿ ಆರಂಭಿಕ ರಾಜವಂಶಗಳ ಕಾಲದ 196 ಗುರುತುಗಳ ಹೊಸ ವಿಭಾಗ ಬಂತು. ಅದರಲ್ಲಿ ಕೆಲವಕ್ಕೆ ಓದಿನ ಹೆಸರಿಲ್ಲ. 'ಲಾಕ್' ಮತ್ತು ಒಂದು ಅಂಕಿ, ಅಷ್ಟೇ ಹೆಸರು. ಅದು ಆಂಟನ್ ಡೈಮೆಲ್ 1922ರಲ್ಲಿ ಪ್ರಕಟಿಸಿದ ಗುರುತುಪಟ್ಟಿಯ ಕ್ರಮಸಂಖ್ಯೆ. ಈ ಮೂರು ವಿಭಾಗ ಸೇರಿ ಈಗ 1,234 ಗುರುತು. ಉರುಕ್ ನಗರದ ತೀರಾ ಮೊದಲ ಹಲಗೆಗಳ ಚಿತ್ರಗುರುತುಗಳು ಈ ಮೂರರಲ್ಲಿ ಸೇರಿಲ್ಲ.

ಡಬ್ಬಿನೋಡಿ:

ಫಾಂಟ್ ಬಗ್ಗೆ ಎರಡು ಮಾತು. ವಿಂಡೋಸ್ 10ರಿಂದ ಈಚೆಗೆ ಸೆಗೋ ಯುಐ ಹಿಸ್ಟಾರಿಕ್ ಎಂಬ ಫಾಂಟ್ ಜೊತೆಗೇ ಬರುತ್ತದೆ, ಅದರಲ್ಲಿ ಬೆಣೆಲಿಪಿ ಇದೆ. ಬೇರೆ ಯಂತ್ರಗಳಲ್ಲಿ ಇದೆಯೋ ಇಲ್ಲವೋ ಎಂದು ನೋಡುತ್ತಾ ಕೂರಬೇಡಿ. ನೋಟೋ ಸಾನ್ಸ್ ಕ್ಯೂನಿಫಾರ್ಮ್ ಉಚಿತ, ನಿಮ್ಮ ಪುಟದ ಜೊತೆಗೇ ಕಳಿಸಬಹುದು. ಆಗ ನೋಡುವವರಿಗೆ ಡಬ್ಬಿ ಕಾಣುವುದಿಲ್ಲ.

ಪ್ರಾಚೀನ ಪರ್ಷಿಯನ್ ಬೆಣೆಲಿಪಿಯನ್ನು ಈ ಪಟ್ಟಿಯಲ್ಲಿ ಹುಡುಕಬೇಡಿ. ನಾನು ಒಂದು ಸಂಜೆ ಪೂರ್ತಿ ಹುಡುಕಿದ್ದೆ. ಅದು ಬೇರೆ ಲಿಪಿ, ಬೆಣೆ ಒತ್ತುವ ರೀತಿ ಮಾತ್ರ ಒಂದೇ. 2005ರಲ್ಲೇ ಅದಕ್ಕೆ ಬೇರೆ ವಿಭಾಗ ಬಂದಿದೆ. ಉಗರಿಟಿಕ್ ಅದಕ್ಕಿಂತ ಮುಂಚೆ, 2003ರಲ್ಲಿ ಬಂತು, ಅದರಲ್ಲಿ 31 ಗುರುತು ಮಾತ್ರ.

ಹಲಗೆಓದು:

ಎಲ್ಲರಿಗೂ ದೊಡ್ಡ ನಮಸ್ಕಾರ. ಜೊಂಡಿನಕಡ್ಡಿ ಅವರ ಉತ್ತರವನ್ನು ಮೂರು ಸಲ ಓದಿದೆ. ಟೇಬಲನ್ನು ಮತ್ತೆ ಬದಲಿಸಿದ್ದೇನೆ. ಈಗ ಮೊದಲ ಕಾಲಮ್ ಓದು, ಪಕ್ಕದಲ್ಲಿ ಅಂಕಿ. ಆಮೇಲೆ ಕಾಲ, ಆಮೇಲೆ ಗುರುತು, ಕೊನೆಗೆ ಕನ್ನಡ. ಕಾ ಒಂದೇ ಸಾಲು ಆಗಿತ್ತು, ಈಗ ಆರು ಸಾಲು ಆಗಿದೆ. ಆರರಲ್ಲೂ ಗುರುತು ಒಂದೇ, 12157.

ಇನ್ನೊಂದು ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅಂಕಿಗಳನ್ನು ಪರೀಕ್ಷಿಸಲು ಯೇಲ್ ವಿಶ್ವವಿದ್ಯಾಲಯದಲ್ಲಿರುವ 7289ನೇ ಹಲಗೆ ತೆಗೆದುಕೊಂಡೆ. ಒಂದು ಚೌಕ, ಎರಡು ಕರ್ಣ. ಬದಿಯಲ್ಲಿ 30 ಎಂದಿದೆ. ಕರ್ಣದ ಮೇಲೆ 1, 24, 51, 10 ಎಂದಿದೆ. ಅರವತ್ತರ ಲೆಕ್ಕದಲ್ಲಿ ಅದು ಎರಡರ ವರ್ಗಮೂಲ, ನಮ್ಮ ಲೆಕ್ಕದಲ್ಲಿ ಸುಮಾರು 1.414213. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಹಲಗೆ ಅದು. ಇದನ್ನು ಟೈಪ್ ಮಾಡಲು ಹೋದರೆ ಅಂಕಿಗಳ ವಿಭಾಗದಲ್ಲಿ ಒಂದು ಎಂಬುದೇ ಇಲ್ಲ. ವಿಭಾಗ ಎರಡರಿಂದ ಶುರುವಾಗುತ್ತದೆ. 30 ಇದೆ, ಅದು ಮುಖ್ಯ ವಿಭಾಗದಲ್ಲಿದೆ. 24ಕ್ಕೆ ಬೇಕಾದ 20 ನನ್ನ ಹಳೆಯ ಫಾಂಟಿನಲ್ಲಿ ಡಬ್ಬಿಯಾಗಿ ಕಾಣುತ್ತಿದೆ.

ಜೊಂಡಿನಕಡ್ಡಿ:

ಆ ಹಲಗೆ ಆರಿಸಿದ್ದು ನೋಡಿ ಖುಷಿಯಾಯಿತು. ನಾನು ಅಂಕಿ ಕಲಿತದ್ದೂ ಅದರಲ್ಲೇ.

ಒಂದು ಎಂದರೆ ಒಂದು ನಿಂತ ಬೆಣೆ. ಅದು ದಿಶ್ ಎಂಬ ಮಾಮೂಲಿ ಗುರುತೂ ಹೌದು. ಹಾಗಾಗಿ ಅಂಕಿಯಾಗಿ ಅದನ್ನು ಮತ್ತೆ ಸೇರಿಸಿಲ್ಲ. 12079 ಹಾಕಿ. ಎರಡು ನಿಂತ ಬೆಣೆಯೂ ಹೀಗೇ ಮುಖ್ಯ ವಿಭಾಗದಲ್ಲಿ ಮಿನ್ ಎಂಬ ಹೆಸರಿನಲ್ಲಿದೆ. ಅಂಕಿಗಳ ವಿಭಾಗದಲ್ಲಿ ನಿಂತ ಬೆಣೆಗಳು ಮೂರರಿಂದ ಶುರು. ನೀವು ನೋಡಿದ ಎರಡು ಮಲಗಿದ ಬೆಣೆಯದ್ದು, ಅದನ್ನು ಇಲ್ಲಿ ಹಾಕಬೇಡಿ.

30 ಮೊದಲಿನಿಂದಲೂ, ಅಂದರೆ 2006ರಿಂದ ಇದೆ. ಅದು ಚಂದ್ರದೇವರಾದ ಸಿನ್‌ನ ಸಂಖ್ಯೆ. ಅವನ ಹೆಸರನ್ನೇ ಆ ಗುರುತಿನಲ್ಲಿ ಬರೆಯುತ್ತಾರೆ. 20ಕ್ಕೆ ಒಂಟಿ ಕೋಡ್ ಪಾಯಿಂಟ್ ಬಂದದ್ದು 2015ರಲ್ಲಿ, ಯೂನಿಕೋಡ್ 8.0ರಲ್ಲಿ. ಸಂಖ್ಯೆ 12399. ಅದಕ್ಕೆ ಮುಂಚಿನ ಫಾಂಟುಗಳಲ್ಲಿ ಅದು ಇರಲು ಸಾಧ್ಯವಿಲ್ಲ. ಫಾಂಟ್ ಹೊಸದು ಮಾಡಿಕೊಳ್ಳಿ. ಹತ್ತರ ಗುರುತನ್ನು ಎರಡು ಸಲ ಹಾಕಿ ಕೆಲಸ ಸಾಗಿಸಬೇಡಿ. ಕಣ್ಣಿಗೆ ಅದೇ ಕಾಣುತ್ತದೆ, ಹುಡುಕುವಾಗ ಮಾತ್ರ ಕೈಕೊಡುತ್ತದೆ. ಕಂಬದ ಸೊನ್ನೆಯ ಕಥೆಯೇ ಮತ್ತೆ.

ಲಿಪ್ಯಂತರದಲ್ಲಿ 1 24 51 10 ಎಂದೇ ಬರೆದಿಡಿ, ನಡುವೆ ಜಾಗ ಬಿಟ್ಟು. ಹಲಗೆಯಲ್ಲಿ ಬಿಂದು ಇಲ್ಲ. ಎಲ್ಲಿ ಪೂರ್ಣಾಂಕ ಮುಗಿದು ಭಿನ್ನಾಂಕ ಶುರು ಎಂಬುದು ನಾವು ಓದಿದ್ದು. ಅದನ್ನು ಕನ್ನಡದ ಕಾಲಮ್ಮಿನಲ್ಲಿ ಬರೆಯಿರಿ.

ಹಲಗೆಓದು:

ಫಾಂಟ್ ಬದಲಿಸಿದೆ, 20 ಕಂಡಿತು. ನಾಲ್ಕು ಅಂಕಿಗಳೂ ಈಗ ಒಂದೇ ಸಾಲಿನಲ್ಲಿ ಕೂತಿವೆ. ಪುಟವನ್ನೂ ಹಲಗೆಯ ಫೋಟೋವನ್ನೂ ಪಕ್ಕಪಕ್ಕ ಇಟ್ಟುಕೊಂಡು ಬೆಣೆಗಳನ್ನು ಬೆರಳಿಟ್ಟು ಎಣಿಸಿದೆ. ಸರಿ ಇದೆ. ನೋಟ್‌ಬುಕ್ಕಿನ 61ನೇ ಸಾಲಿನವರೆಗೆ ಬಂದಿದ್ದೇನೆ. ನಾಳೆ ಕು ಮತ್ತು ತುಗ್ ಬರುತ್ತವೆ, ಆ ಪಠ್ಯವನ್ನು ಮೊದಲಿನಿಂದ ಇನ್ನೊಮ್ಮೆ ಓದಿಕೊಂಡೇ ಹಾಕುತ್ತೇನೆ.